ಯುದ್ಧದಾಟದ ವರದಿ ದಾಖಲೆ

ಕಂಪ್ಯೂಟರ್ ಯುದ್ಧದಾಟ ನಡೆಯುತ್ತಿರುವಾಗ ಪ್ರತಿಯೊಂದು ನಡೆ, ಹೊಡೆತ, ಹಾನಿ ಮತ್ತು ಅದರ ಹಿಂದಿನ ಲೆಕ್ಕವನ್ನು ಸಾಲು ಸಾಲಾಗಿ ಬರೆದಿಡುವ ಪಠ್ಯ ಕಡತಕ್ಕೆ ವರದಿ ದಾಖಲೆ ಅಥವಾ ಲಾಗ್ ಎನ್ನುತ್ತಾರೆ. ಹೆಚ್ಚಿನ ಆಟಗಳಲ್ಲಿ ಇದರ ಸಂಕ್ಷಿಪ್ತ ರೂಪ ಮಾತ್ರ ತಾನಾಗಿ ಚಾಲೂ ಇರುತ್ತದೆ. ವಿವರವಾದ ರೂಪ ಬೇಕಾದವರು ಸೆಟ್ಟಿಂಗ್‌ನಲ್ಲಿ ಗುರುತು ಹಾಕಬೇಕು, ಇಲ್ಲವೇ ಆಟ ಶುರು ಮಾಡುವ ಆದೇಶಕ್ಕೆ ಒಂದು ಸ್ವಿಚ್ ಸೇರಿಸಬೇಕು. ಆಟಗಾರರಲ್ಲಿ ಹಲವರಿಗೆ ಇಂಥ ಸೌಲಭ್ಯ ಇದೆಯೆಂಬುದೇ ತಿಳಿದಿರುವುದಿಲ್ಲ. ಸೋಲು ಗೆಲುವುಗಳಿಂದ ಏನನ್ನಾದರೂ ಕಲಿಯಬೇಕು ಎನ್ನುವವರಿಗೆ ಯುದ್ಧದಾಟದಲ್ಲಿ ಇದಕ್ಕಿಂತ ಉಪಯುಕ್ತವಾದ ಭಾಗ ಬೇರೊಂದಿಲ್ಲ. ಪರದೆಯ ಮೇಲೆ ಬರುವ ‘ದಾಳಿ ವಿಫಲ’ ಎಂಬ ಎರಡು ಪದ, ತಿದ್ದಿದ ಗುರುತೊಂದೂ ಇಲ್ಲದೆ ಅಂಕ ಮಾತ್ರ ಹಾಕಿ ಹಿಂತಿರುಗಿಸಿದ ಉತ್ತರ ಪತ್ರಿಕೆಯಂತೆ.

ದಾಖಲೆಯಲ್ಲಿ ಏನಿರುತ್ತದೆ

ಒಳ್ಳೆಯ ವರದಿಯ ಒಂದು ಸಾಲಿನಲ್ಲಿ ಸಮಯ, ಸರದಿಯ ಸಂಖ್ಯೆ, ನಕಾಶೆಯ ಯಾವ ಮನೆ, ಹೊಡೆದ ಪಡೆ, ಹೊಡೆತ ತಿಂದ ಪಡೆ, ಆಯುಧ, ನೆಲದಿಂದ ಬಂದ ಅನುಕೂಲ ಅಥವಾ ಅನನುಕೂಲ, ಕಂಪ್ಯೂಟರ್ ಎಸೆದ ದಾಳದ ಸಂಖ್ಯೆ, ಕೊನೆಗೆ ಫಲಿತಾಂಶ ಇಷ್ಟೂ ಇರುತ್ತವೆ. ಇವುಗಳಲ್ಲಿ ದಾಳದ ಸಂಖ್ಯೆ ಮತ್ತು ಅನುಕೂಲಗಳ ಪಟ್ಟಿ ಇಲ್ಲದ ವರದಿಯಿಂದ ಏನಾಯಿತೆಂಬುದು ತಿಳಿಯುತ್ತದೆಯೇ ಹೊರತು ಯಾಕೆ ಆಯಿತೆಂಬುದು ತಿಳಿಯುವುದಿಲ್ಲ. ವಿವರ ವರದಿ ಎಂಬ ಹೆಸರಿಗೆ ಅರ್ಹವಾಗುವುದು ಈ ಎರಡನ್ನೂ ಒಳಗೊಂಡದ್ದು ಮಾತ್ರ.

ಎಷ್ಟು ವಿವರ ಬರೆಯಬೇಕೆಂಬುದನ್ನು ಹಂತಗಳಾಗಿ ವಿಂಗಡಿಸುವ ಪದ್ಧತಿ ಆಟಗಳಿಗೆ ಬಂದದ್ದು ಸರ್ವರ್ ನಿರ್ವಹಣೆಯ ಲೋಕದಿಂದ. 1980ರ ದಶಕದಲ್ಲಿ ಎರಿಕ್ ಆಲ್ಮನ್ ಅವರು ಸೆಂಡ್‌ಮೇಲ್ ತಂತ್ರಾಂಶದ ಜೊತೆಗೆ ರೂಪಿಸಿದ ಸಿಸ್‌ಲಾಗ್ ಪದ್ಧತಿಯಲ್ಲಿ 0ರಿಂದ 7ರ ವರೆಗೆ ಎಂಟು ಹಂತಗಳಿವೆ. 0 ಎಂದರೆ ಯಂತ್ರವೇ ನಿಂತುಹೋಗುವಂಥ ತುರ್ತು, 7 ಎಂದರೆ ದೋಷ ಹುಡುಕುವವರಿಗೆ ಬೇಕಾಗುವ ಅತಿ ಸೂಕ್ಷ್ಮ ವಿವರ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ರಾತ್ರಿ ಪಾಳಿಯಲ್ಲಿ ಸರ್ವರ್ ಕಾಯುವವರಿಗೆ ಈ ಹಂತಗಳು ಕೈಬೆರಳಿನಷ್ಟು ಪರಿಚಿತ. ಆಟಗಳಲ್ಲಿ ಇವು ನಾಲ್ಕಕ್ಕೋ ಐದಕ್ಕೋ ಇಳಿದಿವೆ: ದೋಷ, ಎಚ್ಚರಿಕೆ, ಮಾಹಿತಿ, ಡೀಬಗ್.

ಹಿನ್ನೆಲೆ

ಕಾಳಗದ ವರದಿ ಬರೆದಿಡುವ ಅಭ್ಯಾಸ ಕನ್ನಡ ನಾಡಿನಲ್ಲಿ ಕಲ್ಲಿನ ಮೇಲೆ ನಡೆದದ್ದು. ಉತ್ತರ ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ದಾಳಿಗೆ ಬಂದವರೊಡನೆ ಕಾದಾಡಿ ಕಿತ್ತಯ್ಯ ಮಡಿದ ಸಂಗತಿಯನ್ನು ಅದು ಹೇಳುತ್ತದೆ. ಬೆಂಗಳೂರು ಪ್ರದೇಶದಲ್ಲಿ ಈವರೆಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಶಾಸನವೆಂದು ಅದನ್ನು ಗುರುತಿಸಲಾಗಿದೆ. ಬೇಗೂರಿನ ವೀರಗಲ್ಲು ಇದಕ್ಕಿಂತ ವಿವರವಾದದ್ದು. ತುಂಬೆಪಾಡಿಯಲ್ಲಿ ವೀರಮಹೇಂದ್ರನ ವಿರುದ್ಧ ನಡೆದ ಕಾಳಗದಲ್ಲಿ ಗಂಗರ ಕಡೆಯ ನಾಗತ್ತರ ಕಾದಿ ಸತ್ತದ್ದು, ಅದರ ನಂತರ ಗಂಗ ದೊರೆ ಎರೆಯಪ್ಪ ಇರುಗನಿಗೆ ಬೆಂಪೂರು ಮೊದಲಾದ ಊರುಗಳನ್ನು ಕೊಟ್ಟದ್ದು ಅದರಲ್ಲಿದೆ. ಆನೆ, ಕುದುರೆ, ಕತ್ತಿ ಹಿಡಿದ ಕಾಲಾಳುಗಳ ದಟ್ಟ ಕೆತ್ತನೆಯೂ ಇದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯಾರು, ಎಲ್ಲಿ, ಯಾರ ವಿರುದ್ಧ, ಕೊನೆಗೇನಾಯಿತು ಎಂಬ ನಾಲ್ಕು ಪ್ರಶ್ನೆಗೂ ಅದರಲ್ಲಿ ಉತ್ತರ ಸಿಗುತ್ತದೆ. ಇಂದಿನ ಎಷ್ಟೋ ಆಟಗಳ ಫಲಿತಾಂಶದ ಪರದೆ ಇಷ್ಟನ್ನೂ ಕೊಡುವುದಿಲ್ಲ.

ಆಟದ ವರದಿಯ ಕಥೆ ಚದುರಂಗದಿಂದ ಶುರುವಾಗುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚದುರಂಗದ ವಿವರಣೆಯಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನು ಕಲ್ಪಿಸಿದವರು, ಕುದುರೆ ನಡೆಯ ಒಗಟುಗಳನ್ನು ಬಿಡಿಸಿದವರು. ಕುದುರೆ ಪ್ರತಿ ಮನೆಯನ್ನೂ ಒಂದೊಂದೇ ಸಲ ಮುಟ್ಟಬೇಕಾದ ಅಂಥ ಒಗಟಿನ ಪಟದ 64 ಮನೆಗಳಲ್ಲಿ 1ರಿಂದ 64ರ ವರೆಗಿನ ಅಂಕಿಗಳನ್ನು ನಡೆಯ ಕ್ರಮದಲ್ಲಿ ಬರೆದಿರುತ್ತಾರೆ. ಅಂಕಿ ಹಿಡಿದು ಹೋದರೆ ಕುದುರೆ ನಡೆದ ದಾರಿಯನ್ನು ಯಾರು ಬೇಕಾದರೂ, ಯಾವ ಕಾಲದಲ್ಲಾದರೂ ಮತ್ತೆ ನಡೆಸಬಹುದು. ಕ್ರಮಸಂಖ್ಯೆ ಇದ್ದರೆ ಆಟವನ್ನು ಮರಳಿ ಆಡಿಸಬಹುದು ಎಂಬ ಈ ತತ್ವವೇ ಕಂಪ್ಯೂಟರ್ ಲಾಗ್‌ನ ಬೆನ್ನೆಲುಬು. 1993ರಲ್ಲಿ ಸ್ಟೀವನ್ ಎಡ್ವರ್ಡ್ಸ್ ರೂಪಿಸಿದ ಪಿಜಿಎನ್ ಎಂಬ ಸರಳ ಪಠ್ಯ ವಿನ್ಯಾಸದಿಂದ ಚದುರಂಗದ ಆಟಗಳನ್ನು ಬರೆದಿಡುವ ರೀತಿ ಜಗತ್ತಿಗೆಲ್ಲ ಒಂದೇ ಆಯಿತು. ಯುದ್ಧದಾಟಗಳಿಗೆ ಅಂಥ ಸಾಮಾನ್ಯ ವಿನ್ಯಾಸ ಈಗಲೂ ಇಲ್ಲ. ಒಂದೊಂದು ಆಟದ್ದೂ ಒಂದೊಂದು ಬಗೆ.

ಸೈನಿಕ ತರಬೇತಿಗಾಗಿ ಯುದ್ಧದಾಟವನ್ನು ವ್ಯವಸ್ಥಿತವಾಗಿ ಬಳಸಿದ್ದು ಪ್ರಷ್ಯಾ. ರೈಸ್‌ವಿಟ್ಸ್ ತಂದೆ ಮಗ ರೂಪಿಸಿದ ಕ್ರೀಗ್‌ಸ್ಪೀಲ್ ಆಟದ ನಿಯಮಗಳು 1824ರಲ್ಲಿ ಪ್ರಕಟವಾದವು. ಆಟಗಾರರ ಆದೇಶಗಳನ್ನು ಚೀಟಿಯಲ್ಲಿ ಪಡೆದು, ದಾಳ ಎಸೆದು, ಹಾನಿಯ ಲೆಕ್ಕ ಬರೆದಿಟ್ಟುಕೊಳ್ಳುತ್ತಿದ್ದವನು ನಿರ್ಣಾಯಕ. ಇಂದು ಆ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಒಂದು ವ್ಯತ್ಯಾಸವಿದೆ: ನಿರ್ಣಾಯಕನನ್ನು ಆಟ ಮುಗಿದ ಮೇಲೆ ಕೇಳಬಹುದಿತ್ತು, ಕಂಪ್ಯೂಟರನ್ನು ಕೇಳಲು ಲಾಗ್ ಬಿಟ್ಟರೆ ಬೇರೆ ದಾರಿಯಿಲ್ಲ. ಮನೆಗಳಿಗೆ ಈ ಬಗೆಯ ಆಟ ಬಂದದ್ದು ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ಮಾರಾಟಕ್ಕೆ ತಂದ ‘ಟ್ಯಾಕ್ಟಿಕ್ಸ್’ ಮೂಲಕ, ಕಂಪ್ಯೂಟರಿಗೆ ಬಂದದ್ದು ಎಸ್‌ಎಸ್‌ಐ ಕಂಪನಿಯ 1980ರ ‘ಕಂಪ್ಯೂಟರ್ ಬಿಸ್ಮಾರ್ಕ್’ ಮೂಲಕ.

ವರದಿಯನ್ನು ತಿದ್ದಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಪ್ರಸಂಗಗಳನ್ನು ಮತ್ತೆ ಮತ್ತೆ ಉದಾಹರಿಸುತ್ತಾರೆ. 1942ರ ಮೇ ತಿಂಗಳಲ್ಲಿ ಯಮಾಟೊ ಹಡಗಿನ ಮೇಲೆ ಜಪಾನಿ ನೌಕಾಪಡೆ ಮಿಡ್‌ವೇ ದ್ವೀಪದ ಮೇಲಿನ ದಾಳಿಯ ಯೋಜನೆಯನ್ನು ಆಡಿ ನೋಡಿತು. ಆ ನೌಕಾಪಡೆಯ ಅಧಿಕಾರಿ ಮಿತ್ಸುವೊ ಫುಚಿದಾ ಬರೆದಿರುವ ಪ್ರಕಾರ ನಿರ್ಣಾಯಕ ದಾಳ ಎಸೆದು ಒಂಬತ್ತು ಬಾಂಬ್ ತಗುಲಿವೆ, ಜಪಾನಿನ ವಿಮಾನವಾಹಕ ಹಡಗುಗಳಾದ ಅಕಾಗಿ ಮತ್ತು ಕಾಗಾ ಎರಡೂ ಮುಳುಗಿವೆ ಎಂದ. ಅಡ್ಮಿರಲ್ ಉಗಾಕಿ ಅದನ್ನು ಮೂರಕ್ಕೆ ಇಳಿಸಿದರು, ಮುಳುಗಿದ್ದ ಕಾಗಾ ಆಟದ ಮುಂದಿನ ಭಾಗದಲ್ಲಿ ಮತ್ತೆ ತೇಲಿತು. ತಿಂಗಳು ಕಳೆಯುವಷ್ಟರಲ್ಲಿ ಎರಡೂ ಹಡಗುಗಳು ನಿಜವಾದ ಸಮುದ್ರದಲ್ಲಿ ಮುಳುಗಿದವು. 2002ರಲ್ಲಿ ಅಮೆರಿಕ ನಡೆಸಿದ ‘ಮಿಲೇನಿಯಂ ಚಾಲೆಂಜ್’ ಅಭ್ಯಾಸದಲ್ಲಿ ಎದುರಾಳಿ ಪಡೆಯ ನಾಯಕ ಪಾಲ್ ವ್ಯಾನ್ ರೈಪರ್ ಮೊದಲ ಏಟಿಗೇ 16 ಹಡಗುಗಳನ್ನು ಮುಳುಗಿಸಿದರು. ಅಲ್ಲೂ ಹಡಗುಗಳನ್ನು ಮತ್ತೆ ತೇಲಿಸಿ ಆಟ ಮುಂದುವರಿಸಲಾಯಿತು. ಫಲಿತಾಂಶ ತಿದ್ದುವುದಕ್ಕೆ ತರಬೇತಿಯ ದೃಷ್ಟಿಯಿಂದ ಕಾರಣಗಳು ಇರಬಹುದು, ಮೊದಲ ದಿನವೇ ಎಲ್ಲ ಹಡಗು ಮುಳುಗಿದರೆ ಉಳಿದ ದಿನ ಸಾವಿರಾರು ಸೈನಿಕರು ಏನು ಅಭ್ಯಾಸ ಮಾಡಬೇಕು? ಆದರೆ ತಿದ್ದುವ ಮುಂಚಿನ ಫಲಿತಾಂಶ ದಾಖಲೆಯಲ್ಲಿ ಅಳಿಯದೆ ಉಳಿಯಬೇಕು. ಬರೆಯಲು ಮಾತ್ರ ಬರುವ, ಬರೆದದ್ದನ್ನು ಅಳಿಸಲು ಬಾರದ ಕಡತವಾಗಿ ಲಾಗ್ ಇರಬೇಕೆನ್ನುವುದು ಇದಕ್ಕೇ.

ಬೆಂಗಳೂರಿನ ಉತ್ತರ ಭಾಗ

ಹೀಗೆ ದಾಖಲೆ ಇಟ್ಟು ಕಲಿಯುವವರ ನೆರೆಹೊರೆ ಬೆಂಗಳೂರಿನಲ್ಲೇ ಇದೆ. ಯಲಹಂಕದಿಂದ ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆ ಹೊರಟರೆ ಸಿಗುವ ಹುಣಸಮಾರನಹಳ್ಳಿಯ ಪಕ್ಕದಲ್ಲೇ ಯಲಹಂಕ ವಾಯುಪಡೆ ನೆಲೆಯಿದೆ. 1996ರಿಂದ ಏರೋ ಇಂಡಿಯಾ ಪ್ರದರ್ಶನ ನಡೆಯುವುದು ಇದೇ ನೆಲೆಯಲ್ಲಿ. ವಾಯುಪಡೆಯ ತರಬೇತಿ ಕಮಾಂಡ್‌ನ ಕೇಂದ್ರ ಕಚೇರಿ, ಪರೀಕ್ಷಾ ಪೈಲಟ್‌ಗಳನ್ನು ತಯಾರಿಸುವ ಶಾಲೆ, ವಿಮಾನಗಳ ಸಿಮ್ಯುಲೇಟರ್‌ಗಳನ್ನು ರೂಪಿಸುವ ಡಿಆರ್‌ಡಿಒದ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್ ಮೂರೂ ಬೆಂಗಳೂರಿನಲ್ಲಿವೆ. ಯುದ್ಧದಾಟಗಳ ತಂತ್ರಾಂಶ ಬರೆಯುವ ಡಿಆರ್‌ಡಿಒ ಸಂಸ್ಥೆ, ಇನ್‌ಸ್ಟಿಟ್ಯೂಟ್ ಫಾರ್ ಸಿಸ್ಟಮ್ಸ್ ಸ್ಟಡೀಸ್ ಅಂಡ್ ಅನಾಲಿಸಿಸ್, ಇರುವುದು ದೆಹಲಿಯಲ್ಲಿ.

ವರದಿ ದಾಖಲೆಯ ಬೆಲೆ ಏನೆಂಬುದು ವಿಮಾನ ಪರೀಕ್ಷೆಯವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು. 2001ರ ಜನವರಿ 4ರಂದು ಈಗ ತೇಜಸ್ ಎನಿಸಿಕೊಂಡಿರುವ ವಿಮಾನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೊದಲ ಬಾರಿಗೆ ಹಾರಿದಾಗ ಅದರ ಎಂಜಿನ್, ರೆಕ್ಕೆ, ನಿಯಂತ್ರಣಗಳ ಅಂಕಿಗಳು ಟೆಲಿಮೆಟ್ರಿ ಮೂಲಕ ಕ್ಷಣ ಕ್ಷಣಕ್ಕೂ ನೆಲಕ್ಕೆ ಬರುತ್ತಿದ್ದವು. ಪೈಲಟ್ ಇಳಿದ ಮೇಲೆ ನಡೆಯುವ ‘ಡಿಬ್ರೀಫ್’ ಸಭೆಯಲ್ಲಿ ನೆನಪಿನಿಂದ ಹೇಳಿದ ಮಾತನ್ನೂ ದಾಖಲಾದ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ವಾಯುಯುದ್ಧದ ಅಭ್ಯಾಸಕ್ಕೂ ಇದೇ ಪದ್ಧತಿ. ವಿಯೆಟ್ನಾಂ ಯುದ್ಧದ ಪಾಠದಿಂದ ಅಮೆರಿಕ 1970ರ ದಶಕದಲ್ಲಿ ಎಸಿಎಂಐ ಎಂಬ ಉಪಕರಣ ವ್ಯವಸ್ಥೆಯನ್ನು ತಂದಿತು. ಎರಡು ವಿಮಾನಗಳ ಕಾದಾಟವನ್ನು ಆಮೇಲೆ ಪರದೆಯ ಮೇಲೆ ಮೊದಲಿನಿಂದ ಕೊನೆಯವರೆಗೆ ಮರಳಿ ನೋಡಲು ಅದರಿಂದ ಸಾಧ್ಯವಾಯಿತು. ಇಂದು ವಿಮಾನ ಯುದ್ಧದ ಆಟಗಳನ್ನು ಮನೆಯಲ್ಲಿ ಆಡುವವರು ಬಳಸುವ ಟ್ಯಾಕ್‌ವ್ಯೂ ತಂತ್ರಾಂಶದ ಕಡತಕ್ಕೂ ಎಸಿಎಂಐ ಎಂಬ ಹೆಸರೇ ಉಳಿದಿದೆ. ಅದು ಮೂಲತಃ ಪಠ್ಯ ಕಡತವಾದ್ದರಿಂದ, ಜಿಪ್ ಆಗಿರದಿದ್ದರೆ ನೋಟ್‌ಪ್ಯಾಡ್‌ನಲ್ಲೂ ತೆರೆದು ಓದಬಹುದು.

ಹುಣಸಮಾರನಹಳ್ಳಿಯಲ್ಲಿ 1986ರಿಂದ ಸರ್ ಎಂ. ವಿಶ್ವೇಶ್ವರಯ್ಯ ತಾಂತ್ರಿಕ ವಿದ್ಯಾಲಯವಿದೆ. ಒಂದು ಕಡೆ ಡಿಬ್ರೀಫ್ ಮಾಡುವ ವಾಯುನೆಲೆ, ಇನ್ನೊಂದು ಕಡೆ ಕಂಪ್ಯೂಟರ್ ಸೈನ್ಸ್ ಓದುವ ಹುಡುಗ ಹುಡುಗಿಯರು ಇರುವ ಇಂಥ ಊರು ಈ ವಿಷಯಕ್ಕೆ ಸಹಜವಾದ ತಾಣ. ಬೆಂಗಳೂರಿನಲ್ಲಿ ಆಟ ತಯಾರಿಸುವ ಉದ್ಯಮಕ್ಕೂ ವಯಸ್ಸಾಗಿದೆ. ರಾಜೇಶ್ ರಾವ್ 1997ರಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಲ ತಲೆಮಾರಿನ ಗೇಮ್ ಕಂಪನಿಗಳಲ್ಲಿ ಒಂದು. 2019ರಲ್ಲಿ ಅದು ರಾಕ್‌ಸ್ಟಾರ್ ಗೇಮ್ಸ್ ಪಾಲಾಯಿತು. ಗಾಲ್ವಾನ್ ಕಣಿವೆಯ ಹಿನ್ನೆಲೆಯ ‘ಫೌ-ಜಿ’ ಆಟವನ್ನು 2021ರ ಜನವರಿ 26ರಂದು ಬಿಡುಗಡೆ ಮಾಡಿದ ಎನ್‌ಕೋರ್ ಗೇಮ್ಸ್ ಕೂಡ ಬೆಂಗಳೂರಿನದೇ. ಆನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲಿ ಪ್ರತ್ಯೇಕ ನೀತಿ ಹೊರತಂದಿತು.

ಚಾಲೂ ಮಾಡುವ ಬಗೆ

ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಒಂದು ತಲೆಮಾರು ಹಗಲಿರುಳು ಆಡಿದ ಕೌಂಟರ್-ಸ್ಟ್ರೈಕ್ ಆಟದಿಂದಲೇ ಆರಂಭಿಸಬಹುದು. ಸರ್ವರ್ ನಡೆಸುವವರು ಕನ್ಸೋಲ್‌ನಲ್ಲಿ ‘ಲಾಗ್ ಆನ್’ ಎಂದು ಟೈಪ್ ಮಾಡಿದರೆ ಲಾಗ್ಸ್ ಫೋಲ್ಡರಿನಲ್ಲಿ ದಿನಾಂಕದ ಹೆಸರಿನ ಕಡತ ಹುಟ್ಟುತ್ತದೆ. ಕಾಳಗದ ಮಟ್ಟಿಗೆ ಯಾರು ಯಾರನ್ನು ಯಾವ ಬಂದೂಕಿನಿಂದ ಕೊಂದರು ಎಂಬುದಷ್ಟೇ ಅದರಲ್ಲಿ ಇರುತ್ತದೆ. ‘ಎಂಪಿ_ಲಾಗ್‌ಡಿಟೇಲ್’ ಎಂಬ ಇನ್ನೊಂದು ಆದೇಶಕ್ಕೆ 0ರಿಂದ 3ರ ವರೆಗೆ ಬೆಲೆ ಕೊಡಬಹುದು. 1 ಎಂದರೆ ಎದುರಾಳಿಗೆ ಹೊಡೆದ ಪ್ರತಿ ಏಟು, 2 ಎಂದರೆ ತನ್ನ ತಂಡದವರಿಗೇ ತಗುಲಿಸಿದ ಏಟು, 3 ಎಂದರೆ ಎರಡೂ. ಸಾವಿನ ಸಾಲು ಮಾತ್ರ ಓದುವವನಿಗೆ ಕೊನೆಯ ಗುಂಡು ಹೊಡೆದವನೇ ವೀರನಾಗಿ ಕಾಣುತ್ತಾನೆ. ಏಟಿನ ಸಾಲುಗಳನ್ನು ಓದಿದರೆ ಆ ವೈರಿಯ ಮುಕ್ಕಾಲು ಪ್ರಾಣ ತೆಗೆದಿದ್ದವನು ಬೇರೊಬ್ಬ ಎಂದು ಗೊತ್ತಾಗುತ್ತದೆ. ತಂಡದೊಳಗಿನ ನ್ಯಾಯ ಅನ್ಯಾಯ ತೀರ್ಮಾನವಾಗುವುದು ಇಂಥ ಒಂದು ಅಂಕಿಯ ಮೇಲೆ.

ಸರದಿಯ ಮೇಲೆ ನಡೆಯುವ ದೊಡ್ಡ ಯುದ್ಧದಾಟಗಳಲ್ಲಿ ವರದಿಗಳ ಮಹತ್ವ ಇನ್ನೂ ಹೆಚ್ಚು. ಗ್ಯಾರಿ ಗ್ರಿಗ್ಸ್‌ಬಿ ವಿನ್ಯಾಸದಿಂದ ಬೆಳೆದ ‘ವಾರ್ ಇನ್ ದಿ ಪೆಸಿಫಿಕ್: ಅಡ್ಮಿರಲ್ಸ್ ಎಡಿಷನ್’ 2009ರದು. 1941ರ ಡಿಸೆಂಬರ್ 7ರಿಂದ 1946ರ ಮಾರ್ಚ್ ಕೊನೆಯವರೆಗೆ ದಿನಕ್ಕೊಂದು ಸರದಿಯಂತೆ ಆಡಿದರೆ 1,500ಕ್ಕೂ ಹೆಚ್ಚು ಸರದಿಗಳಾಗುತ್ತವೆ. ಬರ್ಮಾ, ಬಂಗಾಳ ಕೊಲ್ಲಿ, ಸಿಲೋನ್ ಎಲ್ಲವೂ ಅದರ ನಕಾಶೆಯಲ್ಲಿವೆ. ಪ್ರತಿ ಸರದಿಯ ಕೊನೆಗೆ ಕಾಳಗದ ವರದಿ, ಕಾರ್ಯಾಚರಣೆಯ ವರದಿ, ಗೂಢಚರ್ಯೆಯ ವರದಿ ಎಂಬ ಪಠ್ಯ ಕಡತಗಳು ಉಳಿಸಿದ ಆಟಗಳ ಫೋಲ್ಡರಿನಲ್ಲಿ ತಯಾರಾಗುತ್ತವೆ. ತೊಂದರೆಯೆಂದರೆ ಇಂದಿನ ವರದಿಯ ಮೇಲೆಯೇ ನಾಳೆಯ ವರದಿ ಬಂದು ಕೂರುತ್ತದೆ. ಹಳೆಯದು ಉಳಿಯಬೇಕಾದರೆ ಆಟದ ಶಾರ್ಟ್‌ಕಟ್‌ನ ಗುರಿಯ ಸಾಲಿನಲ್ಲಿ ‘-ಆರ್ಕೈವ್’ ಎಂಬ ಸ್ವಿಚ್ ಸೇರಿಸಬೇಕು. ಆಗ ದಿನಾಂಕದ ಸಮೇತ ಎಲ್ಲವೂ ಬೇರೆ ಫೋಲ್ಡರಿಗೆ ಸೇರುತ್ತವೆ. ಆರು ತಿಂಗಳ ಆಟದ ನಂತರ ‘ಆ ಹಡಗು ಯಾವತ್ತು ಕೆಟ್ಟಿತು’ ಎಂದು ಹುಡುಕುವಾಗ ಆ ಒಂದು ಪದದ ಬೆಲೆ ತಿಳಿಯುತ್ತದೆ. ಮೊದಲ ಸರದಿಗೆ ಮುಂಚೆಯೇ ಇದನ್ನು ಸೇರಿಸಿಬಿಡಬೇಕು, ಕಳೆದುಹೋದ ದಿನಗಳ ವರದಿಯನ್ನು ಆಮೇಲೆ ತರಿಸಲು ಬರುವುದಿಲ್ಲ.

‘ಕಮಾಂಡ್: ಮಾಡರ್ನ್ ಆಪರೇಷನ್ಸ್’ ಎಂಬ 2019ರ ಆಟ ಇಂದಿನ ನೌಕಾ ಮತ್ತು ವಾಯುಯುದ್ಧಕ್ಕೆ ಸಂಬಂಧಿಸಿದ್ದು. ಅದರ ಆಯ್ಕೆಗಳಲ್ಲಿ ಸಂದೇಶಗಳ ಒಂದೊಂದು ಬಗೆಗೂ ಬೇರೆ ಬೇರೆ ಗುರುತು ಹಾಕಲು ಅವಕಾಶವಿದೆ: ಹೊಸ ಗುರಿ ಕಂಡದ್ದು ಬೇಕೆ, ಆಯುಧದ ಲೆಕ್ಕಾಚಾರ ಬೇಕೆ, ಹಾನಿಯ ವಿವರ ಬೇಕೆ ಹೀಗೆ. ಎಲ್ಲವನ್ನೂ ಹಾಕಿಕೊಂಡರೆ ಕ್ಷಿಪಣಿ ಗುರಿ ತಪ್ಪಿದ್ದಕ್ಕೆ ಪೈಲಟ್‌ನ ಪರಿಣತಿ ಎಷ್ಟು ಕಾರಣ, ವಿಮಾನದ ಚುರುಕುತನ ಎಷ್ಟು ಕಾರಣ ಎಂದು ಶೇಕಡಾವಾರು ಬರೆದುಕೊಡುತ್ತದೆ. ಸೈನ್ಯಗಳಿಗೆಂದು ಮಾಡಿದ ಇದರ ವೃತ್ತಿಪರ ಆವೃತ್ತಿ ಒಂದೇ ಸನ್ನಿವೇಶವನ್ನು ನೂರಾರು ಸಲ ತಾನೇ ಆಡಿ ಫಲಿತಾಂಶಗಳನ್ನು ಕೋಷ್ಟಕವಾಗಿ ಕೊಡಬಲ್ಲದು. ‘ಹಾರ್ಟ್ಸ್ ಆಫ್ ಐರನ್ 4’ರಲ್ಲಿ ಸ್ಟೀಮ್‌ನ ಆರಂಭದ ಆಯ್ಕೆಯಲ್ಲಿ ‘-ಡೀಬಗ್’ ಎಂದು ಸೇರಿಸಬೇಕು. ಅದರ ಲಾಗ್ಸ್ ಫೋಲ್ಡರು ಡಾಕ್ಯುಮೆಂಟ್ಸ್ ಒಳಗಿರುತ್ತದೆ. ಅದು ಹೆಚ್ಚಾಗಿ ಆಟಕ್ಕೆ ಹೊಸ ಭಾಗ ಬರೆಯುವವರಿಗೆ ಉಪಯೋಗ. ‘ಡಿಸಿಎಸ್ ವರ್ಲ್ಡ್’ ಪ್ರತಿ ಹಾರಾಟದ ಕೊನೆಗೆ ಡಿಬ್ರೀಫ್ ಹೆಸರಿನದೇ ಒಂದು ಕಡತವನ್ನು ಬಿಟ್ಟುಹೋಗುತ್ತದೆ.

ಕಾಸು ಖರ್ಚಿಲ್ಲದೆ ಕಲಿಯಬೇಕೆನ್ನುವ ವಿದ್ಯಾರ್ಥಿಗಳಿಗೆ ಎರಡು ಮುಕ್ತ ತಂತ್ರಾಂಶದ ಆಟಗಳನ್ನು ಧೈರ್ಯವಾಗಿ ಹೇಳಬಹುದು. ಫ್ರೀಸಿವ್ ಸರ್ವರನ್ನು ಲಾಗ್ ಕಡತದ ಹೆಸರು ಮತ್ತು ಡೀಬಗ್ ಹಂತ ಕೊಟ್ಟು ಶುರು ಮಾಡಬಹುದು. ಡೇವಿಡ್ ವೈಟ್ 2003ರಲ್ಲಿ ಆರಂಭಿಸಿದ ‘ದಿ ಬ್ಯಾಟಲ್ ಫಾರ್ ವೆಸ್ನಾತ್’ ಇನ್ನೂ ಒಂದು ಹೆಜ್ಜೆ ಮುಂದೆ. ಅದರಲ್ಲಿ ಆಟದ ಒಳಭಾಗಗಳನ್ನು ವಿಭಾಗಗಳಾಗಿ ಹೆಸರಿಸಿದ್ದಾರೆ. ಎಂಜಿನ್ನಿನದು ಮಾತ್ರ ವಿವರವಾಗಿ ಬರಲಿ, ಜಾಲದ್ದು ದೋಷವಿದ್ದಾಗ ಮಾತ್ರ ಬರಲಿ ಎಂದು ಬೇರೆ ಬೇರೆ ಹಂತ ಕೊಡಲು ಸಾಧ್ಯ. ಮೂಲ ಸಂಕೇತವೂ ಕೈಯಲ್ಲಿರುವುದರಿಂದ ಲಾಗ್‌ನ ಸಾಲು ಹುಟ್ಟಿದ ಜಾಗವನ್ನೇ ಹೋಗಿ ನೋಡಬಹುದು. ಎಂಜಿನಿಯರಿಂಗ್ ಓದುವವರಿಗೆ ಇದು ಪಠ್ಯಪುಸ್ತಕಕ್ಕಿಂತ ಒಳ್ಳೆಯ ಪಾಠ.

ಮೊಬೈಲ್ ಆಟಗಳ ಸ್ಥಿತಿ ಬೇರೆ. ಅಲ್ಲಿ ವಿವರ ವರದಿ ಕಂಪನಿಯ ಸರ್ವರಿನಲ್ಲಿ ಉಳಿಯುತ್ತದೆ, ಆಡಿದವನ ಕೈಗೆ ಬರುವುದಿಲ್ಲ. ಹೀಗೆಯೇ ಇರಬೇಕೆಂದೇನೂ ಇಲ್ಲ. ಪಬ್‌ಜಿಯ ಕಂಪ್ಯೂಟರ್ ಆವೃತ್ತಿಯಲ್ಲಿ ಪ್ರತಿ ಪಂದ್ಯದ ಪೂರ್ಣ ಟೆಲಿಮೆಟ್ರಿಯನ್ನು 14 ದಿನಗಳ ಕಾಲ ಯಾರು ಬೇಕಾದರೂ ತೆಗೆದುಕೊಳ್ಳಲು ಬಿಟ್ಟಿದ್ದಾರೆ. ಯಾರು ಎಲ್ಲಿ ನಿಂತಿದ್ದರು, ಎಷ್ಟು ಏಟು ತಿಂದರು, ಯಾವ ವಸ್ತು ಎತ್ತಿಕೊಂಡರು ಎಲ್ಲವೂ ಅದರಲ್ಲಿದೆ.

ಓದುವ ಬಗೆ

ಲಾಗ್ ಓದುವಾಗ ಮೊದಲು ಬಿಡಿಸಬೇಕಾದ ಗಂಟು ಅದೃಷ್ಟ ಮತ್ತು ತಪ್ಪು ಇವೆರಡರದು. ವೆಸ್ನಾತ್‌ನಲ್ಲಿ ಮಂತ್ರವಾದಿಯ ಮಾಂತ್ರಿಕ ಏಟು ತಗುಲುವ ಸಂಭವ ಯಾವ ನೆಲದಲ್ಲೂ ಶೇ. 70. ಮೂರು ಏಟಿನ ದಾಳಿಯಲ್ಲಿ ಮೂರೂ ತಪ್ಪುವ ಸಂಭವ 0.3 × 0.3 × 0.3, ಅಂದರೆ ಶೇ. 2.7. ನೂರು ದಾಳಿ ಮಾಡಿದರೆ ಎರಡು ಮೂರು ಸಲ ಹೀಗಾಗುವುದೇ ಸರಿ, ಅದು ಆಟದ ದೋಷವಲ್ಲ. ಕಾಡಿನಲ್ಲಿ ನಿಂತು ಶೇ. 60ರಷ್ಟು ರಕ್ಷಣೆ ಪಡೆದವನ ಮೇಲೆ ಸಾಮಾನ್ಯ ಸೈನಿಕ ಮೂರು ಏಟು ಹಾಕಿದರೆ ಮೂರೂ ತಪ್ಪುವ ಸಂಭವ ಶೇ. 21.6, ಐದಕ್ಕೊಂದು ಸಲಕ್ಕಿಂತ ಹೆಚ್ಚು. ಮೊದಲನೆಯದು ದುರದೃಷ್ಟ, ಎರಡನೆಯದು ನೆಲವನ್ನು ನೋಡದೆ ದಾಳಿ ಮಾಡಿದವನ ತಪ್ಪು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ನಿರೀಕ್ಷಿತ ಹಾನಿ ಮತ್ತು ನಿಜವಾಗಿ ಆದ ಹಾನಿಯನ್ನು ಪಕ್ಕಪಕ್ಕ ತೋರಿಸುವ ಅಂಕಿಅಂಶದ ಪುಟ ವೆಸ್ನಾತ್‌ನಲ್ಲಿದೆ. ಸೋತಾಗಲೆಲ್ಲ ದಾಳವನ್ನು ದೂರುವವರು ಆ ಪುಟವನ್ನು ಒಮ್ಮೆ ನೋಡಬೇಕು, ಗೆದ್ದಾಗಲೂ ನೋಡಬೇಕು.

ಆಟ ಬರೆಯುವವರಿಗೆ ಲಾಗ್ ಜೀವನಾಡಿ. 1997ರ ‘ಏಜ್ ಆಫ್ ಎಂಪೈರ್ಸ್’ನಲ್ಲಿ ಪ್ರತಿ ಆಟಗಾರನ ಕಂಪ್ಯೂಟರೂ ಇಡೀ ಯುದ್ಧವನ್ನು ತಾನೇ ಲೆಕ್ಕ ಹಾಕುತ್ತಿತ್ತು, ಜಾಲದಲ್ಲಿ ಹೋಗುತ್ತಿದ್ದದ್ದು ಆದೇಶಗಳು ಮಾತ್ರ. ಎಲ್ಲ ಯಂತ್ರಗಳ ಲೆಕ್ಕವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಬೇಕು. ಅದರ ತಯಾರಕ ತಂಡದ ಪಾಲ್ ಬೆಟ್ನರ್ ಮತ್ತು ಮಾರ್ಕ್ ಟೆರಾನೊ ವಿವರಿಸಿರುವಂತೆ, ಒಂದು ಯಂತ್ರದಲ್ಲಿ ಒಂದು ಜಿಂಕೆ ಕೊಂಚ ಆಚೆ ನಿಂತಿದ್ದರೆ ಅದು ಮೇಯುವ ದಾರಿ ಬದಲಾಗಿ, ಕೆಲವು ನಿಮಿಷದ ನಂತರ ಹಳ್ಳಿಗನೊಬ್ಬನ ಈಟಿ ಗುರಿ ತಪ್ಪಿ, ಎರಡು ಯಂತ್ರಗಳಲ್ಲಿ ಎರಡು ಬೇರೆ ಯುದ್ಧ ನಡೆಯತೊಡಗುತ್ತಿತ್ತು. ಆ ಜಿಂಕೆಯನ್ನು ಹಿಡಿಯಲು ಇದ್ದ ದಾರಿ ಎರಡೂ ಕಡೆಯ ಲಾಗ್‌ಗಳನ್ನು ಸಾಲಿಗೆ ಸಾಲು ಹೋಲಿಸುವುದು. ಯಾದೃಚ್ಛಿಕ ಸಂಖ್ಯೆಗಳ ಬೀಜ, ಅಂದರೆ ದಾಳದ ಸರಣಿ ಹುಟ್ಟುವ ಮೊದಲ ಸಂಖ್ಯೆ, ದಾಖಲೆಯಲ್ಲಿದ್ದರೆ ಅದೇ ಯುದ್ಧವನ್ನು ಅದೇ ದಾಳಗಳೊಂದಿಗೆ ಮರಳಿ ನಡೆಸಬಹುದು. ಬೀಜವನ್ನು ಬರೆದಿಡದ ಲಾಗ್ ಅರ್ಧ ಲಾಗ್.

ಮಿತಿಗಳು

ವಿವರ ಹೆಚ್ಚಿದಂತೆ ಕಡತ ಉಬ್ಬುತ್ತದೆ. 2,000 ಪಡೆಗಳು, ಪಡೆಗೆ ಹತ್ತು ಘಟನೆ, ಘಟನೆಗೆ 150 ಬೈಟ್ ಎಂದುಕೊಂಡರೆ ಒಂದು ಸರದಿಗೆ 3 ಮೆಗಾಬೈಟ್. 300 ಸರದಿಗೆ 900 ಮೆಗಾಬೈಟ್. ಇಂದಿನ ಡಿಸ್ಕುಗಳಿಗೆ ಇದು ಭಾರವಲ್ಲ, ಜಿಪ್ ಮಾಡಿದರೆ ಇನ್ನೂ ಬಹಳ ಇಳಿಯುತ್ತದೆ. ಆದರೆ ಬರೆಯುವ ಕೆಲಸಕ್ಕೆ ಆಟ ಪ್ರತಿ ಬಾರಿ ನಿಂತು ಕಾಯುವಂತಿದ್ದರೆ ವೇಗ ಕುಂದುತ್ತದೆ.

ಇದಕ್ಕಿಂತ ಗಂಭೀರವಾದದ್ದು ಯುದ್ಧದ ಮಂಜಿನ ಪ್ರಶ್ನೆ. ನಿಜವಾದ ಸೇನಾನಿಗೆ ವೈರಿ ಎಲ್ಲಿದ್ದಾನೆ, ಎಷ್ಟು ಜನ ಸತ್ತರು ಎಂಬುದು ಸರಿಯಾಗಿ ಗೊತ್ತಾಗುವುದಿಲ್ಲ, ಆಟಗಳೂ ಅದನ್ನು ಅಡಗಿಸಿಡುತ್ತವೆ. ಲಾಗ್ ಎಲ್ಲವನ್ನೂ ಬರೆದುಬಿಟ್ಟರೆ ಕಡತ ತೆರೆದವನು ಎದುರಾಳಿಯ ಗುಟ್ಟನ್ನು ಓದಿದಂತಾಗುತ್ತದೆ. ‘ವಾರ್ ಇನ್ ದಿ ಪೆಸಿಫಿಕ್’ ಇದಕ್ಕೆ ಕಂಡುಕೊಂಡ ಉಪಾಯ ಚೆನ್ನಾಗಿದೆ. ಮಂಜಿನ ಆಯ್ಕೆ ಹಾಕಿಕೊಂಡಾಗ ಆಟಗಾರನಿಗೆ ಸಿಗುವ ಕಾಳಗದ ವರದಿಯಲ್ಲಿ ಶತ್ರುವಿನ ನಷ್ಟದ ಅಂಕಿ ಬೇಕೆಂದೇ ತಪ್ಪಿರುತ್ತದೆ, ನಿಜವಾದ ಪೈಲಟ್‌ಗಳು ಉತ್ಸಾಹದಲ್ಲಿ ಹೆಚ್ಚಿಸಿ ಹೇಳುತ್ತಿದ್ದಂತೆಯೇ. ಆಟ ನಡೆಯುವಾಗ ತನ್ನ ಪಡೆಯ ಕಣ್ಣಿಗೆ ಕಂಡಷ್ಟೇ ವರದಿ, ಆಟ ಮುಗಿದ ಮೇಲೆ ಎರಡೂ ಪಕ್ಷಕ್ಕೂ ಪೂರ್ಣ ವರದಿ: ನ್ಯಾಯವಾದ ಕ್ರಮ ಇದು.

ಸರ್ವರ್ ಲಾಗ್‌ನಲ್ಲಿ ಆಟಗಾರರ ಐಪಿ ವಿಳಾಸ, ಆಟದ ನಡುವೆ ಆಡಿದ ಮಾತು ಎರಡೂ ಸೇರಿರುತ್ತವೆ. ಆಡುವವರಲ್ಲಿ ಶಾಲಾ ಮಕ್ಕಳೂ ಇರುವುದರಿಂದ, ಹಂಚಿಕೊಳ್ಳುವ ಮುಂಚೆ ಅವುಗಳನ್ನು ತೆಗೆಯಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿರುವಾಗ ಕೆಫೆಗಳೂ ಕಾಲೇಜು ಕ್ಲಬ್ಬುಗಳೂ ಇದನ್ನು ಹಗುರವಾಗಿ ಕಾಣಬಾರದು.

ಕನ್ನಡದಲ್ಲಿ ವರದಿ

ಪಡೆಗೋ ಊರಿಗೋ ಕನ್ನಡದ ಹೆಸರಿಟ್ಟರೆ ಹಳೆಯ ಆಟಗಳ ಲಾಗ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೋ ಖಾಲಿ ಚೌಕಗಳೋ ಸಾಲಾಗಿ ಬರುತ್ತವೆ. ಕಾರಣ, ಆ ಆಟಗಳು ಒಂದು ಅಕ್ಷರಕ್ಕೆ ಒಂದೇ ಬೈಟ್ ಇಟ್ಟುಕೊಂಡು ಬರೆದವು. ಕಡತವನ್ನು ಯುಟಿಎಫ್-8 ವಿನ್ಯಾಸದಲ್ಲಿ ಉಳಿಸಿದರೆ ಈ ತೊಂದರೆ ಇಲ್ಲ. ಹುಣಸಮಾರನಹಳ್ಳಿ ಎಂಬ ಹೆಸರು ಯೂನಿಕೋಡ್‌ನಲ್ಲಿ 13 ಸಂಕೇತಗಳಾಗುತ್ತದೆ. ಕನ್ನಡದ ಒಂದು ಸಂಕೇತಕ್ಕೆ 3 ಬೈಟ್‌ನಂತೆ 39 ಬೈಟ್. ಅದೇ ಹೆಸರು ಇಂಗ್ಲಿಷ್ ಲಿಪಿಯಲ್ಲಿ 17 ಬೈಟ್. ಎರಡು ಪಟ್ಟಿಗಿಂತ ಕೊಂಚ ಹೆಚ್ಚು, ಅಷ್ಟೇ. ಜಾಗ ಸಾಲದು ಎಂಬ ನೆಪಕ್ಕೆ ಇದರಲ್ಲಿ ಎಡೆಯಿಲ್ಲ.

ಲಾಗ್‌ನಲ್ಲಿ ಘಟನೆಯನ್ನು ಸಂಖ್ಯೆಯಾಗಿ ಬರೆದು, ಆ ಸಂಖ್ಯೆಗೆ ತಕ್ಕ ವಾಕ್ಯವನ್ನು ಬೇರೆ ಕಡತದಲ್ಲಿ ಇಟ್ಟರೆ ಒಂದೇ ಯುದ್ಧದ ವರದಿಯನ್ನು ಯಾವ ಭಾಷೆಯಲ್ಲಿ ಬೇಕಾದರೂ ಓದಬಹುದು. ಕನ್ನಡದ ವಾಕ್ಯಗಳನ್ನು ಬರೆದುಕೊಡಲು ಕಂಪ್ಯೂಟರ್ ವಿಜ್ಞಾನ ಓದಿರಬೇಕಾಗಿಲ್ಲ, ಭಾಷೆ ಚೆನ್ನಾಗಿ ಬಂದರೆ ಸಾಕು. ಬೆಂಗಳೂರಿನಲ್ಲಿ ಆಟ ಕಟ್ಟುತ್ತಿರುವವರು ಮೊದಲ ದಿನವೇ ಈ ಎರಡು ಕಡತಗಳನ್ನು ಬೇರೆ ಮಾಡಿಕೊಳ್ಳಲಿ, ವಿವರ ವರದಿಯ ಗುಂಡಿಯನ್ನು ಆಟಗಾರನ ಕಣ್ಣಿಗೆ ಬೀಳುವ ಕಡೆ ಇಡಲಿ.